ಗುರ್ಲಹೊಸೂರಿನ ಹುಡುಗ, ಕುಂಡಲದ ಕಾರ್ಖಾನೆ

ವಿಜ್ಞಾನದ ಪಾಠದಲ್ಲಿ ಬ್ಯಾಟರಿ ಎಂದರೆ ವೋಲ್ಟಾ, ವಿದ್ಯುತ್ ದೀಪ ಎಂದರೆ ಎಡಿಸನ್, ಉಗಿಯಂತ್ರ ಎಂದರೆ ಜೇಮ್ಸ್ ವಾಟ್. ಒಬ್ಬರು ಇಟಲಿಯವರು, ಒಬ್ಬರು ಅಮೆರಿಕದವರು, ಇನ್ನೊಬ್ಬರು ಸ್ಕಾಟ್ಲೆಂಡಿನವರು. ಯಳವಿಯ ಶಾಲೆಯಲ್ಲಿ ಕುಳಿತು ಕನ್ನಡದಲ್ಲಿ ಈ ಪಾಠ ಓದುವ ನಿಮಗೆ ಯಂತ್ರ ಮಾಡುವವರೆಲ್ಲ ಸಮುದ್ರದಾಚೆಯೇ ಹುಟ್ಟುತ್ತಾರೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ನಿಮ್ಮದೇ ಸಾಂಗಲಿ ಜಿಲ್ಲೆಯ ನಕಾಶೆ ತೆಗೆದು ನೋಡಿ. ಪೂರ್ವದ ತುದಿಯಲ್ಲಿ ನಮ್ಮ ಜತ್ತ ತಾಲೂಕು. ಪಶ್ಚಿಮಕ್ಕೆ ಬೆರಳು ಸರಿಸುತ್ತ ಹೋದರೆ ಪಲೂಸ ತಾಲೂಕಿನಲ್ಲಿ ಮಿರಜ–ಪುಣೆ ರೈಲು ದಾರಿಯ ಮೇಲೆ ಒಂದು ಹೆಸರು ಸಿಗುತ್ತದೆ: ಕಿರ್ಲೋಸ್ಕರವಾಡಿ. ಒಬ್ಬ ಮನುಷ್ಯನ ಮನೆತನದ ಹೆಸರು ಊರಿಗೆ, ರೈಲು ನಿಲ್ದಾಣಕ್ಕೆ ಬಂದಿರುವುದು ಅಪರೂಪ. ಆ ಮನುಷ್ಯ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಕನ್ನಡದ ಹಳ್ಳಿಯಲ್ಲಿ. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ.

ಅವರ ಬದುಕನ್ನು ಗಡಿಯ ಮಕ್ಕಳಾದ ನೀವು ತಿಳಿಯಲೇಬೇಕು. ಓದಿನಲ್ಲಿ ಹಿಂದೆ ಬಿದ್ದ ಹುಡುಗನೊಬ್ಬ ಕೈಕೆಲಸದ ಬಲದಿಂದ ಎಷ್ಟು ದೂರ ಹೋಗಬಲ್ಲ ಎಂಬುದು ಅದರಲ್ಲಿದೆ. ಒಳ್ಳೆಯ ವಸ್ತು ಮಾಡಿದರೂ ಕೊಳ್ಳುವವರು ಇಲ್ಲದಾಗ ಏನು ಮಾಡಬೇಕು ಎಂಬುದೂ ಇದೆ.

ಚಿತ್ರ ಬರೆಯುವ ಹುಡುಗ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಊರಿನ ಮಾತು ಕನ್ನಡ, ಮನೆಯ ಮಾತು ಮರಾಠಿ. ಮರಾಠಿ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಮನೆತನದವರು. ಮಲಪ್ರಭೆಯ ದಂಡೆಯ ಸೀಮೆಯ ಒಂದೇ ಹಳ್ಳಿ ಮರಾಠಿಗರಿಗೆ ದೊಡ್ಡ ನಾಟಕಕಾರನನ್ನೂ ದೊಡ್ಡ ಯಂತ್ರಕಾರನನ್ನೂ ಕೊಟ್ಟಿತು.

ತಂದೆ ಕಾಶೀನಾಥಪಂತರು ವೇದಾಂತ ಬಲ್ಲವರು. ಮಗನೂ ಓದಿ ವಿದ್ವಾಂಸನಾಗಲಿ ಎಂಬ ಆಸೆ ಇದ್ದರೆ ಅದು ಸಹಜ. ಮಗನಿಗೆ ಮಾತ್ರ ಶಾಲೆಯ ಓದು ಹಿಡಿಸಲಿಲ್ಲ. ಅವನಿಗೆ ಹಿಡಿಸಿದ್ದು ಎರಡು: ಚಿತ್ರ ಬರೆಯುವುದು, ಮತ್ತು ಯಂತ್ರದ ಒಳಗೆ ಏನಿದೆ ಎಂದು ನೋಡುವುದು. ಮನೆಯಲ್ಲಿ ಇದಕ್ಕೆ ಬೆಂಬಲ ಸುಲಭವಾಗಿ ಸಿಗಲಿಲ್ಲ. ಕೈ ಹಿಡಿದವರು ಅಣ್ಣ ರಾಮುಅಣ್ಣಾ. ಅವರ ಹಣದ ನೆರವಿನಿಂದ 1885ರಲ್ಲಿ ಲಕ್ಷ್ಮಣರಾವ್ ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು.

ಎರಡು ವರ್ಷದಲ್ಲಿ ಒಂದು ಸಂಗತಿ ಹೊರಬಿತ್ತು. ಲಕ್ಷ್ಮಣರಾಯರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅದು ಹುಟ್ಟಿನಿಂದಲೇ ಬಂದ ವರ್ಣಕುರುಡು. ಚಿತ್ರಕಾರನಾಗಲು ಮನೆ ಬಿಟ್ಟು ಬಂದವನಿಗೆ ಬಣ್ಣವೇ ಸರಿಯಾಗಿ ಕಾಣದು ಎಂದರೆ ಮುಂದೇನು? ಅವರು ಊರಿಗೆ ಮರಳಲಿಲ್ಲ. ಬಣ್ಣ ಬಿಟ್ಟರು, ಗೆರೆ ಹಿಡಿದರು. ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಬರೆಯುವ ಯಾಂತ್ರಿಕ ರೇಖಾಚಿತ್ರ ಕಲಿತರು. ಅದಕ್ಕೆ ಬೇಕಾದದ್ದು ನೇರ ಗೆರೆ, ಕರಾರುವಾಕ್ಕಾದ ಅಳತೆ, ವಸ್ತುವನ್ನು ಮೂರು ಬದಿಯಿಂದ ಮನಸ್ಸಿನಲ್ಲೇ ಕಾಣುವ ಶಕ್ತಿ. ಬಣ್ಣದ ಹಂಗೇ ಇಲ್ಲ.

ಅದೇ ಕಲಿಕೆ ಅವರಿಗೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕನ ಕೆಲಸ ಕೊಡಿಸಿತು. ತರಗತಿ ಮುಗಿದ ಮೇಲೆ ಸಂಸ್ಥೆಯ ಕಾರ್ಯಾಗಾರದಲ್ಲಿ ನಿಂತು ಯಂತ್ರ ನಡೆಸುವುದನ್ನೂ, ಬಿಚ್ಚಿ ಜೋಡಿಸುವುದನ್ನೂ ಕಲಿತರು. ಕಲಿಸಲು ಹೋದವರು ಕಲಿಯುತ್ತಲೇ ಉಳಿದರು.

ಬೆಳಗಾವಿಯ ಸೈಕಲ್ ಅಂಗಡಿ

ಆ ಹೊತ್ತಿನಲ್ಲಿ ನಮ್ಮ ಕಡೆ ಸೈಕಲ್ ಎಂದರೆ ಸೋಜಿಗ. ಮುಂಬಯಿಯಲ್ಲಿ ಅದನ್ನು ಕಂಡ ಲಕ್ಷ್ಮಣರಾವ್ ಬೆಳಗಾವಿಯಲ್ಲಿದ್ದ ಅಣ್ಣನೊಡನೆ ಸೇರಿ ವ್ಯಾಪಾರಕ್ಕೆ ಇಳಿದರು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಕೊಂಡವರಿಗೆ ಹತ್ತಲು, ತುಳಿಯಲು ಕಲಿಸುವುದೂ ಅಣ್ಣನ ಕೆಲಸವೇ. 1888ರಲ್ಲಿ ಹೀಗೆ ಶುರುವಾದ ಅಂಗಡಿಯೇ ಕಿರ್ಲೋಸ್ಕರ ಬ್ರದರ್ಸ್. ಬೆಳಗಾವಿಗೆ ಹೋದಾಗ ನೀವು ಕಿರ್ಲೋಸ್ಕರ ರೋಡಿನಲ್ಲಿ ಓಡಾಡಿರಬಹುದು. ಆ ಹೆಸರಿನ ಹಿಂದೆ ಈ ಅಣ್ಣತಮ್ಮಂದಿರು ಇದ್ದಾರೆ.

ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ ಇಂಡಿಯನ್ನರ ಪಾಲಾದಾಗ ಲಕ್ಷ್ಮಣರಾವ್ ನೌಕರಿಗೆ ಶರಣು ಹೊಡೆದು ಬೆಳಗಾವಿಗೆ ಬಂದುಬಿಟ್ಟರು. ತಿಂಗಳ ಸಂಬಳ ಬಿಟ್ಟು ಬಂದವರಿಗೆ ಸೈಕಲ್ ಮಾರಿದರೆ ಸಾಕೆನಿಸಲಿಲ್ಲ. ಬೇರೆಯವರು ಮಾಡಿದ್ದನ್ನು ಮಾರುವುದಕ್ಕಿಂತ ತಾವೇ ಏನಾದರೂ ಮಾಡಬೇಕು. ಏನು ಮಾಡುವುದು? ಸುತ್ತ ನೋಡಿದರೆ ಇದ್ದವರು ರೈತರು.

ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿದುಬಿಡುತ್ತದೆ. ದೊಡ್ಡ ಗಾಲಿಗೆ ಅಲಗು ಜೋಡಿಸಿ, ಕೈಯಿಂದ ತಿರುಗಿಸಿ, ಕಣಕಿಯನ್ನು ಸಣ್ಣಗೆ ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಹೋಗುತ್ತದೆ. ಬರಗಾಲದ ವರ್ಷ ಇದರ ಬೆಲೆ ಏನೆಂದು ಜತ್ತ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ.

ಮಾರಾಟವಾಗದ ನೇಗಿಲು

ಆಮೇಲೆ ಬಂತು ಕಬ್ಬಿಣದ ನೇಗಿಲು. ಇಂಗ್ಲೆಂಡಿನಿಂದ ಬರುತ್ತಿದ್ದ ಕಬ್ಬಿಣದ ನೇಗಿಲನ್ನು ಕಂಡ ಲಕ್ಷ್ಮಣರಾವ್ ಅಂಥದ್ದನ್ನು ಇಲ್ಲಿಯೇ ಮಾಡಬಹುದು ಎಂದು ತೀರ್ಮಾನಿಸಿದರು. ಅವರು ನೇಗಿಲನ್ನು ಕಂಡುಹಿಡಿದವರಲ್ಲ. ಹೊರಗೆ ಹುಟ್ಟಿದ ಸಲಕರಣೆಯನ್ನು ಇಲ್ಲಿನ ಮಣ್ಣಿಗೆ, ಇಲ್ಲಿನ ಎತ್ತಿಗೆ, ಇಲ್ಲಿನ ರೈತನ ಕೈಗೆ ಒಗ್ಗುವಂತೆ ಮಾಡಿದರು. ಅದೂ ಬುದ್ಧಿಯ ಕೆಲಸವೇ.

ಮರದ ನೇಗಿಲಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ನಿಮ್ಮ ಅಜ್ಜನನ್ನು ಕೇಳಿ. ಮರದ ನೇಗಿಲು ನೆಲವನ್ನು ಗೀರುತ್ತದೆ. ಎರಡು ಸಾಲಿನ ನಡುವೆ ಉಳುಮೆಯಾಗದ ಮಣ್ಣು ಉಳಿಯುತ್ತದೆ, ಹಾಗಾಗಿ ಅಡ್ಡಕ್ಕೂ ಉದ್ದಕ್ಕೂ ಹೊಡೆಯಬೇಕು. ಕಬ್ಬಿಣದ ನೇಗಿಲಿಗೆ ಗುಳದ ಹಿಂದೆ ಬಾಗಿದ ಹಲಗೆಯಂಥ ರೆಕ್ಕೆ ಇರುತ್ತದೆ. ಗುಳ ಕೊಯ್ದ ಮಣ್ಣಿನ ಹೆಂಟೆಯನ್ನು ಅದು ಮಗುಚಿ ಹಾಕುತ್ತದೆ. ಎರೆ ಹೊಲದಲ್ಲಿ ಆಳಕ್ಕೆ ಬೇರು ಬಿಟ್ಟ ಕರಿಕೆ ಬುಡಸಹಿತ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ.

ಇಷ್ಟು ಲಾಭವಿದ್ದರೂ ನೇಗಿಲು ಮಾರಾಟವಾಗಲಿಲ್ಲ. ಕಬ್ಬಿಣ ತಗುಲಿದರೆ ಭೂಮಿತಾಯಿಗೆ ವಿಷವೇರುತ್ತದೆ, ಬೆಳೆ ಬಾರದು ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಒಂದಲ್ಲ ಎರಡಲ್ಲ, ಮಾಡಿದ ನೇಗಿಲುಗಳೆಲ್ಲ ಅಂಗಡಿಯಲ್ಲಿ ಬಿದ್ದಿದ್ದವು. ಮೊದಲ ನೇಗಿಲು ಮಾರಾಟವಾಗುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ರೈತ ದಡ್ಡ ಎಂದು ನಗುವುದು ಸುಲಭ. ಆದರೆ ಒಂದು ವರ್ಷದ ಬೆಳೆ ಹೋದರೆ ರೈತನ ಮನೆಯ ಒಲೆ ಆರುತ್ತದೆ. ಹೊಸದನ್ನು ಪರೀಕ್ಷೆ ಮಾಡಿ ನೋಡುವಷ್ಟು ಸಡಿಲು ಅವನ ಬದುಕಿನಲ್ಲಿರಲಿಲ್ಲ. ಎತ್ತೂ ಹೆಚ್ಚು ಬೇಕು, ದುಡ್ಡೂ ಮೊದಲೇ ಕೊಡಬೇಕು. ಅವನ ಅನುಮಾನಕ್ಕೆ ಕಾರಣವಿತ್ತು. ಅದನ್ನು ಮಾತಿನಿಂದ ತೆಗೆಯಲು ಬರುವುದಿಲ್ಲ, ಪಕ್ಕದ ಹೊಲದ ಬೆಳೆಯಿಂದಲೇ ತೆಗೆಯಬೇಕು. ಧೈರ್ಯ ಮಾಡಿ ಕೊಂಡ ಕೆಲವರ ಹೊಲ ಹಸನಾದದ್ದನ್ನು ಕಂಡ ಮೇಲೆಯೇ ಉಳಿದವರು ಬಂದರು. ಲಕ್ಷ್ಮಣರಾವ್ ಅಲ್ಲಿಯವರೆಗೆ ಕಾದರು, ಬಂದ ದೂರುಗಳನ್ನು ಕೇಳಿ ನೇಗಿಲನ್ನು ತಿದ್ದುತ್ತ ಹೋದರು.

ಎಡಿಸನ್ನರ ಕಥೆಯೂ ಇದಕ್ಕೆ ದೂರವಲ್ಲ. ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ ಅವರು ಅಮೆರಿಕದಲ್ಲಿ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿ ಮಾಡುತ್ತಿದ್ದರು. ವಿದ್ಯುತ್ ಮೋಟಾರು ಗಾಡಿಗೆ ಅದು ಬೇಕಾಗುತ್ತದೆ ಎಂಬ ಲೆಕ್ಕ. ಮೊದಲು ಮಾರಿದ ಬ್ಯಾಟರಿಗಳು ಸೋರತೊಡಗಿದವು. ತಯಾರಿಕೆ ನಿಲ್ಲಿಸಿ ಮತ್ತೆ ವರ್ಷಗಟ್ಟಲೆ ದುಡಿದು ಸುಧಾರಿಸಿದ ಬ್ಯಾಟರಿ ತಂದಾಗ ಪೆಟ್ರೋಲ್ ಗಾಡಿ ಮುಂದೆ ಹೋಗಿಯಾಗಿತ್ತು. ಆದರೂ ಆ ಬ್ಯಾಟರಿ ರೈಲಿಗೆ, ಗಣಿಗೆ ಒದಗಿ ಬಂತು. ಎಡಿಸನ್ನರ ಮುಂದೆ ಬಂದದ್ದು ವಸ್ತುವಿನ ದೋಷ, ಕಿರ್ಲೋಸ್ಕರರ ಮುಂದೆ ಬಂದದ್ದು ಜನರ ಅನುಮಾನ. ಸೋತ ಜಾಗದಲ್ಲೇ ನಿಂತು ಮತ್ತೆ ಕೆಲಸ ಹಿಡಿದದ್ದು ಇಬ್ಬರಲ್ಲೂ ಒಂದೇ.

ಕಳ್ಳಿ, ಹಾವು, 32 ಎಕರೆ

ನೇಗಿಲು ಹಿಡಿಸಿತು ಎನ್ನುವಷ್ಟರಲ್ಲಿ ಇನ್ನೊಂದು ಪೆಟ್ಟು. ಬೆಳಗಾವಿಯಲ್ಲಿ ಕಾರ್ಖಾನೆ ಇದ್ದ ಜಾಗ ಊರಿನ ಹೊಸ ಬಡಾವಣೆಗೆ ಬೇಕಾಯಿತು. ನಗರಸಭೆ ಜಾಗ ಬಿಡಲು ಹೇಳಿತು. ಯಂತ್ರಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿ. ಅವರಿಗೂ ಚಿತ್ರಕಲೆಯ ಹುಚ್ಚು, ಲಕ್ಷ್ಮಣರಾಯರಿಗೂ ಅದೇ ಹಿನ್ನೆಲೆ. ಸ್ನೇಹ ಮೊದಲೇ ಇತ್ತು. ಔಂಧದಲ್ಲಿ ಯಮಾಯಿ ದೇವಿಯ ಗುಡಿಯ ಮುಂದೆ ಸಭಾಮಂಟಪ ಕಟ್ಟುವ ಕೆಲಸವನ್ನು ಮೊದಲು ಕೊಟ್ಟರು. ಬಳಿಕ ಕಾರ್ಖಾನೆಗೆ ಜಾಗ ಕೊಟ್ಟರು, ಸಾಲವನ್ನೂ ಕೊಟ್ಟರು. ಔಂಧ ಸಂಸ್ಥಾನ ಒಂದೇ ಕಡೆ ಇದ್ದ ನಾಡಲ್ಲ. ಔಂಧ ಸತಾರೆಯ ಕಡೆ, ಕುಂಡಲ ಇಲ್ಲಿ, ಆಟಪಾಡಿ ನಮ್ಮ ಜತ್ತದ ಹತ್ತಿರ, ಗುಣದಾಳ ಬಿಜಾಪುರದ ಕಡೆ. ಆ ಸಂಸ್ಥಾನದೊಳಗೂ ಮರಾಠಿ ಕನ್ನಡ ಎರಡೂ ಇದ್ದವು.

ಕೊಟ್ಟ ಜಾಗ ಕುಂಡಲ ರೋಡ್ ರೈಲು ನಿಲ್ದಾಣದ ಬಳಿಯ 32 ಎಕರೆ. ಬರಡು ನೆಲ, ಎಲ್ಲೆಲ್ಲೂ ಪಾಪಾಸುಕಳ್ಳಿ, ಕಳ್ಳಿಯ ಸಂದಿಯಲ್ಲಿ ನಾಗರಹಾವು. 1910ರ ಮಾರ್ಚ್ 10ರಂದು ಲಕ್ಷ್ಮಣರಾವ್ ಅಲ್ಲಿ ಕಾಲಿಟ್ಟರು. ಜೊತೆಗೆ 25 ಕೆಲಸಗಾರರು, ಅವರ ಮನೆಮಂದಿ. ಕಳ್ಳಿ ಕಡಿದರು, ಗುಡಿಸಲು ಹಾಕಿದರು, ನೀರಿಗೆ ದಾರಿ ಮಾಡಿದರು, ಕಾರ್ಖಾನೆಯ ಛಾವಣಿ ಎಬ್ಬಿಸಿದರು. ಮಡದಿ ರಾಧಾಬಾಯಿ ಹೊಸ ಊರಿನ ಸಂಸಾರಗಳನ್ನು ನೋಡಿಕೊಂಡರು. ಅಣ್ಣ ರಾಮುಅಣ್ಣಾ ಊರು ಕಟ್ಟುವ, ನಡೆಸುವ ಹೊಣೆ ಹೊತ್ತರು.

ಅವರ ಜೊತೆಗಾರರು ಯಾರು ಎಂಬುದನ್ನು ಶಾಲೆಯ ಪುಟ ಓದುವ ನೀವು ಗಮನಿಸಬೇಕು. ಯಂತ್ರಗಳನ್ನು ನಡೆಸುವ ಹೊಣೆ ಹೊತ್ತ ಶಂಭುರಾವ್ ಜಾಂಭೇಕರ ಎಂಜಿನಿಯರಿಂಗ್ ಕಾಲೇಜನ್ನು ಅರ್ಧಕ್ಕೆ ಬಿಟ್ಟವರು. ಓದಿನಲ್ಲಿ ಆಸಕ್ತಿಯೇ ಇಲ್ಲದ ವಿದ್ಯಾರ್ಥಿ ಅನಂತರಾವ್ ಫಳಣೀಕರ ಇಲ್ಲಿ ಕಲ್ಪನೆಯುಳ್ಳ ಎಂಜಿನಿಯರ್ ಆದರು. ವ್ಯವಸ್ಥಾಪಕರೊಬ್ಬರು ಮ್ಯಾಟ್ರಿಕ್ ನಪಾಸಾದವರು. ರಾತ್ರಿ ಕಾವಲಿಗೆ ನೇಮಿಸಿದ್ದು ದರೋಡೆಗೆ ಶಿಕ್ಷೆ ಅನುಭವಿಸಿದ್ದ ಇಬ್ಬರನ್ನು. ಪರೀಕ್ಷೆ, ನ್ಯಾಯಾಲಯ, ಊರು ಬೇಡವೆಂದವರನ್ನು ಲಕ್ಷ್ಮಣರಾವ್ ನಂಬಿ ಕೆಲಸ ಕೊಟ್ಟರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೆ ಜಾಗ ಇರಬಾರದು ಎಂದು ನಿಯಮ ಮಾಡಿದರು. ಇದು ನೂರು ವರ್ಷಕ್ಕೂ ಹಿಂದಿನ ಮಾತು.

ಇದರಿಂದ ಓದು ಬೇಡ ಎಂದು ತಿಳಿಯಬೇಡಿ. ಲಕ್ಷ್ಮಣರಾವ್ ಪರೀಕ್ಷೆಗಾಗಿ ಓದಲಿಲ್ಲ, ಕೆಲಸಕ್ಕಾಗಿ ಜೀವಮಾನವಿಡೀ ಓದಿದರು. ಅಮೆರಿಕದ ತಾಂತ್ರಿಕ ಪತ್ರಿಕೆಗಳನ್ನು ತರಿಸಿ, ಚಿತ್ರಗಳನ್ನು ನೋಡಿ, ಎರಕ ಹೊಯ್ಯುವುದು ಹೇಗೆ, ಲೇಥಿನಲ್ಲಿ ಕಡೆಯುವುದು ಹೇಗೆ ಎಂದು ತಿಳಿದುಕೊಂಡರು. ಮಗ ಶಂತನುರಾಯರನ್ನು ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳಿಸಿದರು. 1926ರಲ್ಲಿ ಪದವಿ ಪಡೆದು ಬಂದ ಮಗ ವಾಡಿಯ ಕಾರ್ಖಾನೆಗೇ ಸೇರಿದರು.

ನೇಗಿಲಿನಿಂದ ಪಂಪಿಗೆ

ಮೊದಲ ಮಹಾಯುದ್ಧದಲ್ಲಿ ವಿಲಾಯತಿಯ ಸರಕು ಬರುವುದು ಕಡಿಮೆಯಾಯಿತು. ದೇಶದಲ್ಲೇ ಮಾಡಿದ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣ, ಕಲ್ಲಿದ್ದಲು ಸಿಗುವುದೂ ಕಷ್ಟವಾಯಿತು. ಆ ಇಕ್ಕಟ್ಟು ದಾಟಿದ ಕಾರ್ಖಾನೆ 1920ರಲ್ಲಿ ಷೇರುದಾರರ ಕಂಪನಿಯಾಯಿತು. ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಕಬ್ಬಿಣದ ಕುರ್ಚಿ ಮಂಚಗಳು, ಕೈಪಂಪು ಹೀಗೆ ಒಂದೊಂದೇ ಸೇರಿಕೊಂಡವು. ಬಳಿಕ ಬಂದವು ನೀರೆತ್ತುವ ಪಂಪು ಮತ್ತು ಅದನ್ನು ತಿರುಗಿಸುವ ಡೀಸೆಲ್ ಎಂಜಿನ್.

ಪಂಪು ಬರುವ ಮೊದಲು ಬಾವಿಯ ನೀರು ಮೇಲೆ ಬರುತ್ತಿದ್ದುದು ಕಪಿಲೆಯಿಂದ. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆಯಬೇಕು, ತೊಗಲಿನ ಚೀಲ ತುಂಬಿ ಮೇಲೆ ಬರಬೇಕು, ಮತ್ತೆ ಹಿಂದಕ್ಕೆ ನಡೆಯಬೇಕು. ದಿನವಿಡೀ ಹೊಡೆದರೂ ನೆನೆಯುವುದು ಸಣ್ಣ ತುಂಡು ನೆಲ. ಕಿರ್ಲೋಸ್ಕರವಾಡಿಯ ಪಂಪು ಮಾಡುವುದು ಬೇರೆ ಕೆಲಸ. ಅದರ ಕವಚದೊಳಗೆ ರೆಕ್ಕೆಗಳುಳ್ಳ ಚಕ್ರವೊಂದು ವೇಗವಾಗಿ ತಿರುಗುತ್ತದೆ. ನೀರು ಹೊರ ಅಂಚಿಗೆ ಚಿಮ್ಮಿ ಕೊಳವೆಯಲ್ಲಿ ಮೇಲೇರುತ್ತದೆ. ನಡುವೆ ಒತ್ತಡ ಕಡಿಮೆಯಾಗುವುದರಿಂದ ಬಾವಿಯ ಮೇಲಿನ ಗಾಳಿಯ ಒತ್ತಡ ಹೊಸ ನೀರನ್ನು ಒಳಗೆ ತಳ್ಳುತ್ತದೆ.

ಇಲ್ಲಿ ನಿಮಗೊಂದು ಪ್ರಶ್ನೆ. ಹಳೆಯ ಬಾವಿಗಳಲ್ಲಿ ಪಂಪನ್ನು ಮೇಲಿಡದೆ ಬಾವಿಯೊಳಗೆ ಅರ್ಧಕ್ಕೆ ಕಟ್ಟೆ ಕಟ್ಟಿ ಅದರ ಮೇಲೆ ಏಕೆ ಕೂರಿಸುತ್ತಿದ್ದರು? ಗಾಳಿಯ ಒತ್ತಡ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ತಳ್ಳಲಾರದು. ನಿಜದ ಬಳಕೆಯಲ್ಲಿ 7 ಮೀಟರ್ ಆದರೆ ಹೆಚ್ಚು. ಅದಕ್ಕೇ ನೀರು ಇಳಿದಂತೆ ಪಂಪನ್ನೂ ಕೆಳಗಿಳಿಸುತ್ತಿದ್ದರು. ಪಾಠದಲ್ಲಿ ಓದುವ ವಾಯುಭಾರದ ನಿಯಮವನ್ನು ಕಾಣಬೇಕಾದರೆ ಯಾವುದಾದರೂ ಹಳೆಯ ಬಾವಿಯ ಕಟ್ಟೆಯನ್ನು ದೊಡ್ಡವರ ಜೊತೆ ಹೋಗಿ ನೋಡಿದರೆ ಆಯಿತು. ಮಳೆ ಕಡಿಮೆ ಬೀಳುವ ನಮ್ಮ ತಾಲೂಕಿನಲ್ಲಿ ಪಂಪಿನಿಂದ ಬೆಳೆಯಷ್ಟೇ ಅಲ್ಲ, ಬಾವಿಯ ಮಟ್ಟವೂ ಬದಲಾಯಿತು ಎಂಬುದನ್ನೂ ಅಲ್ಲಿಯೇ ಕಾಣುತ್ತೀರಿ.

ಗೆರೆ ಎಳೆಯುವ ಮೊದಲು

ಮನೆತನದ ಮುಂದಿನ ಹೆಜ್ಜೆಗಳು ಮತ್ತೆ ಕನ್ನಡ ನಾಡಿಗೇ ಬಂದವು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಶುರುವಾಗಿ ಲೇಥ್ ಯಂತ್ರಗಳನ್ನು ಮಾಡತೊಡಗಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರು ಮಾಡುವ ಕಿರ್ಲೋಸ್ಕರ ಎಲೆಕ್ಟ್ರಿಕ್, ಅದೇ ವರ್ಷ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆ. ಬೆಳಗಾವಿಯ ಸೈಕಲ್ ಅಂಗಡಿಗೆ ಆಗ 58 ವರ್ಷ.

1948ರಲ್ಲಿ ಗಾಂಧೀಜಿಯವರ ಕೊಲೆಯ ನಂತರ ಈ ಭಾಗದಲ್ಲಿ ಎದ್ದ ಗಲಭೆಯ ಬೆಂಕಿ ಕಿರ್ಲೋಸ್ಕರವಾಡಿಯ ಕಾರ್ಖಾನೆಯನ್ನೂ ಬಿಡಲಿಲ್ಲ. ಲಕ್ಷ್ಮಣರಾಯರಿಗೆ ಆಗ 78. ಸುಟ್ಟದ್ದನ್ನು ಗುಡಿಸಿ ಕೆಲಸ ಮತ್ತೆ ಶುರುವಾಯಿತು.

ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಆ ತಾರೀಖನ್ನು ಗಡಿಯ ಓದುಗರು ನೆನಪಿಡಬೇಕು. ಅದಾಗಿ 36 ದಿನಕ್ಕೆ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅವರು ಹುಟ್ಟಿದ ಗುರ್ಲಹೊಸೂರು, ಸೈಕಲ್ ಮಾರಿದ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದವು. ಕುಂಡಲ, ಕಿರ್ಲೋಸ್ಕರವಾಡಿ, ನಮ್ಮ ಜತ್ತ, ಯಳವಿ ಮುಂಬಯಿ ರಾಜ್ಯದಲ್ಲಿ ಉಳಿದವು. ಲಕ್ಷ್ಮಣರಾಯರ ಹುಟ್ಟೂರು, ಕಟ್ಟಿದ ಊರು ಹೀಗೆ ಬೇರೆ ಬೇರೆ ರಾಜ್ಯಗಳ ಪಾಲಾದವು. 1969ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಅದು ಗಡಿಯ ಎರಡೂ ಕಡೆಯ ಪತ್ರಗಳ ಮೇಲೆ ಓಡಾಡಿತು.

ಹಾಗಾದರೆ ಅವರು ಯಾರವರು, ಕನ್ನಡದವರೋ ಮರಾಠಿಯವರೋ ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಬಹುದು. ಅವರ ನೇಗಿಲು ಎರಡೂ ಕಡೆಯ ಎರೆ ಹೊಲವನ್ನು ಮಗುಚಿತು ಎಂದು ಉತ್ತರ ಕೊಡಿ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು ಆಡುವ ನಿಮಗೆ ಆ ಉತ್ತರ ಸುಲಭವಾಗಿ ತಿಳಿಯುತ್ತದೆ.

ಗುರುಗಳಿಗೆ ಒಂದು ವಿನಂತಿ. ಮುಂದಿನ ಶೈಕ್ಷಣಿಕ ಪ್ರವಾಸಕ್ಕೆ ದೂರದ ಊರು ಹುಡುಕುವ ಮೊದಲು ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ಮನೆಯ ಅಥವಾ ಓಣಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಹಳೆಯ ನೇಗಿಲೋ, ಕಣಕಿ ಕತ್ತರಿಸುವ ಗಾಲಿಯೋ, ಪಂಪೋ ಇದ್ದರೆ ಹುಡುಕಿ. ಒರೆಸಿ, ಅಳತೆ ತೆಗೆಯಿರಿ, ಅದರ ಚಿತ್ರವನ್ನು ವಹಿಯಲ್ಲಿ ಮೂರು ಬದಿಯಿಂದ ಬರೆಯಿರಿ. ಪ್ರತಿ ಭಾಗದ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಕನ್ನಡದಲ್ಲಿ ಬರೆಯಿರಿ. ಬಣ್ಣ ಹಾಕುವ ಅಗತ್ಯವಿಲ್ಲ, ಗೆರೆ ಸರಿಯಾಗಿದ್ದರೆ ಸಾಕು.